ಸಾವೋನಾ, ಹಿರೋಳ್ಳಿ, ಇಮೋಲಾ

ಭಾಷೆ ಕಲಿಸುವ ಎಲೇನಾ ಮೇಡಂ ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ನನ್ನ ತುಟಿಯ ಮುಂದೆ ಹಿಡಿದು "ಪಾನೆ ಅನ್ನು" ಎಂದರು. ಪಾನೆ ಅಂದರೆ ಇಟಲಿಯ ಭಾಷೆಯಲ್ಲಿ ಬ್ರೆಡ್ಡು. ಅಂದೆ. ಕಾಗದ ಅಲುಗಿತು. "ಅಲುಗಬಾರದು, ಮತ್ತೊಮ್ಮೆ" ಎಂದರು. ಮತ್ತೊಮ್ಮೆ ಅಂದೆ, ಮತ್ತೆ ಅಲುಗಿತು. ಜೇವರ್ಗಿಯ ಆಸ್ಪತ್ರೆಯೊಂದರಲ್ಲಿ ಆರು ವರ್ಷ ಸಿಸ್ಟರ್ ಅನ್ನಿಸಿಕೊಂಡವಳು, ಮೂವತ್ತು ದಾಟಿದವಳು, ಇಟಲಿಗೆ ಬಂದ ನಾಲ್ಕನೇ ದಿನ ಒಂದು ಕಾಗದದ ಚೂರಿನೆದುರು ನಿಂತು ಪಾನೆ, ಪಾನೆ ಎಂದು ಬೆವರುತ್ತಿದ್ದೆ.

ಸಿಟ್ಟು ಬಂದದ್ದು ಮೇಡಂ ಮೇಲಲ್ಲ, ಕಲಬುರಗಿಯ ಇಂಗ್ಲಿಷ್ ಕ್ಲಾಸಿನ ನಮ್ಮ ಸರ್ ಮೇಲೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಬಾಯಿ ಮುಂದೆ ಮೇಣದಬತ್ತಿ ಹಚ್ಚಿಟ್ಟು, "ಪ ಅಂದ್ರ ದೀಪ ಆರಬೇಕ್ ನೋಡ್ರಿ, ಅಂದ್ರನ ಅದು ಇಂಗ್ಲಿಷ್" ಎಂದು ಕಲಿಸಿದ್ದ ಪುಣ್ಯಾತ್ಮರು ಅವರು. ಎರಡು ತಿಂಗಳು ಊದಿ ಊದಿ ಕಲಿತೆ. ಈಗ ಇಲ್ಲಿ ಅದೇ ಉಸಿರು ತಪ್ಪಂತೆ. ಅಲ್ಲಿ ದೀಪ ಆರಬೇಕು, ಇಲ್ಲಿ ಕಾಗದ ಅಲುಗಬಾರದು. ಯಾರ ಮಾತು ಕೇಳಬೇಕು ನಾನು?

ನನ್ನ ಹೆಸರು ಶಿವಲೀಲಾ. ಊರು ಆಳಂದ ತಾಲೂಕಿನ ಹಿರೋಳ್ಳಿ. ಈಗಿರುವುದು ಉತ್ತರ ಇಟಲಿಯಲ್ಲಿ, ಪೋ ಎಂಬ ನದಿಯ ಬಯಲಿನ ಒಂದು ಸಣ್ಣ ಊರಿನಲ್ಲಿ. ಕೆಲಸ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಮನೆಯಲ್ಲಿ. ಇವರು ಅದಕ್ಕೆ 'ಕಾಜಾ ದಿ ರಿಪೋಜೊ' ಅನ್ನುತ್ತಾರೆ, ವಿಶ್ರಾಂತಿಯ ಮನೆ ಅಂತ. ನರ್ಸ್ ಎಂದು ಕರೆಸಿಕೊಂಡರು ಖರೆ. ಆದರೆ ಮಾರ್ಚಿನಲ್ಲಿ ಮಿಲಾನಿನಲ್ಲಿ ನಡೆಯುವ ಬಾಯಿಮಾತಿನ ಪರೀಕ್ಷೆಯಲ್ಲಿ ಪಾಸಾಗುವ ತನಕ ನಾನು ನರ್ಸಲ್ಲ, ಬರೀ ಸಹಾಯಕಿ. ಮೈ ತೊಳೆಸಬಹುದು, ಉಣಿಸಬಹುದು, ಹಾಸಿಗೆ ಬದಲಿಸಬಹುದು. ಸೂಜಿ ಮುಟ್ಟುವಂತಿಲ್ಲ. ನಪಾಸಾದರೆ ಕರಾರು ಅಲ್ಲಿಗೇ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಜೇವರ್ಗಿಯಲ್ಲಿ ಒಂದೂವರೆ ಕಿಲೋ ಕೂಸಿನ ನರ ಹುಡುಕಿ ಒಂದೇ ಸಲಕ್ಕೆ ಸಲೈನ್ ಏರಿಸುತ್ತಿದ್ದ ಕೈ ಇದು. ಅದನ್ನು ಮತ್ತೆ ನರ್ಸಿನ ಕೈ ಮಾಡಿಕೊಳ್ಳುವುದು ನನ್ನ ನಾಲಿಗೆಯ ಮೇಲೆ ನಿಂತಿತ್ತು.

ಇಳಿದುಕೊಂಡದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಖೋಲಿಯಲ್ಲಿ. ನಮ್ಮಲ್ಲಿ ಹೊಸಬರು ಓಣಿಗೆ ಬಂದರೆ ಸಂಜೆಯೊಳಗೆ ನಾಲ್ಕು ಮಂದಿ ಬಂದು ಯಾರ ಪೈಕಿ, ಏನು ಎತ್ತ ಎಂದು ಕೇಳಿ, ಒಂದು ವಾಟಿ ಪಲ್ಯ ಕೊಟ್ಟು ಹೋಗುತ್ತಾರೆ. ಇಲ್ಲಿ ಎರಡು ತಿಂಗಳು ಯಾರೂ ಬಾಗಿಲು ಬಡಿಯಲಿಲ್ಲ. ಬಯಲು ಮಾತ್ರ ನಮ್ಮದೇ, ಗುಡ್ಡವಿಲ್ಲ, ದಿಬ್ಬವಿಲ್ಲ, ಅಫಜಲಪುರದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡಷ್ಟೇ ಸಪಾಟು. ತೊಗರಿ ಇರುವಲ್ಲಿ ಮೆಕ್ಕೆಜೋಳ. ಆದರೆ ನವೆಂಬರ್ ಬಂತೋ ಇಲ್ಲವೋ, ಒಂದು ಬೆಳಿಗ್ಗೆ ಕಿಟಕಿ ತೆಗೆದರೆ ಬಯಲೇ ಇರಲಿಲ್ಲ. ಎದುರಿನ ಇಗರ್ಜಿ ಇಲ್ಲ, ರಸ್ತೆ ಇಲ್ಲ, ಬರೀ ಬಿಳಿ. 'ನೆಬ್ಬಿಯಾ' ಅಂದರು, ಮಂಜು. ಅಂಥದ್ದರಲ್ಲಿ ಒಬ್ಬೊಬ್ಬರೇ ಸೈಕಲ್ ಗಂಟೆ ಬಾರಿಸುತ್ತ ಕೆಲಸಕ್ಕೆ ಹೋಗುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಹೋದೆ.

ಊಟದ್ದು ಅಷ್ಟು ತೊಂದರೆಯಾಗಲಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇತ್ತು. ಇಲ್ಲಿಯವರ 'ಪೊಲೆಂತಾ' ನೋಡಿದರೆ ಮೆಕ್ಕೆಜೋಳದ ನುಚ್ಚು, ಬೇರೇನಲ್ಲ. ಅದಕ್ಕೆ ಹಿಂಡಿ ಕಲಸಿ ಉಂಡೆ. ಅಡುಗೆಮನೆಯ ಹೆಂಗಸೊಬ್ಬಳು ನೋಡಿ ಕೈ ಮುಗಿದಳು. ಮೆಚ್ಚಿ ಮುಗಿದಳೋ ಹೆದರಿ ಮುಗಿದಳೋ ತಿಳಿಯಲಿಲ್ಲ.

ತಲೆ ಕೆಟ್ಟದ್ದು ಭಾಷೆಗೆ. ಎಲೇನಾ ಮೇಡಂ ಕೊಟ್ಟ ಪುಸ್ತಿಕೆ ಇಂಗ್ಲಿಷ್ ಮಾತಾಡುವವರಿಗೆ ಇಟಾಲಿಯನ್ ವ್ಯಂಜನ ಕಲಿಸಲು ಬರೆದದ್ದು. ಪರದೇಶದವರೆಂದರೆ ಇಂಗ್ಲಿಷಿನವರು ಎಂದು ಅವರ ಎಣಿಕೆ. "ನಿಮ್ಮ ಟ ಇದ್ದಂತೆ, ಆದರೆ ನಾಲಿಗೆ ಹಲ್ಲಿಗೆ ತಾಗಲಿ" ಎಂದು ಅದರಲ್ಲಿತ್ತು. ನಮ್ಮ ಟ ಅಂದರೆ ಯಾರದು? ಇಂಗ್ಲಿಷರದೋ, ಕಲಬುರಗಿಯ ಸರ್‌ದೋ? ಸಿ-ಎಚ್ ಬರೆದಲ್ಲಿ ಕ ಅನ್ನಬೇಕಂತೆ, ಬರೀ ಸಿ ಬರೆದಲ್ಲಿ ಒಮ್ಮೊಮ್ಮೆ ಚ ಅನ್ನಬೇಕಂತೆ. ಒಂದು ಶಬ್ದ ಆಡಬೇಕಾದರೆ ಮೊದಲು ಇಂಗ್ಲಿಷರು ಹೇಗೆ ಅನ್ನುತ್ತಾರೆ ಎಂದು ನೆನೆಸಿಕೊಂಡು, ಹಾಗೆ ಅನ್ನಬಾರದು ಎಂದು ಬಿಟ್ಟು, ಉಳಿದದ್ದನ್ನು ಆಡಬೇಕಿತ್ತು. ಅಷ್ಟರಲ್ಲಿ ಎದುರಿಗಿನ ಅಜ್ಜ ಉಚ್ಚೆ ಹೊಯ್ದುಕೊಂಡಾಗಿರುತ್ತಿತ್ತು. ಮೇಲಾಗಿ ನನ್ನ ಬಾಯಿಯ ರಿ ಬಿಡಲೊಲ್ಲದು. ಅವರ ಹೌದು 'ಸೀ'. ಹಿರಿಯರಿಗೆ ಬರೀ ಸೀ ಅನ್ನುವುದು ಹೇಗೆ? "ಸೀರಿ, ಸೀರಿ" ಅನ್ನುತ್ತಿದ್ದೆ.

"ಸೀರಿ ಅಂದರೆ ಯಾವ ಭಾಷೆ?" ಎಂದು ಮೊದಲು ಕೇಳಿದವಳು ಬ್ರೂನಾ. ಎಂಬತ್ತೆಂಟು ವರ್ಷ, ಕಣ್ಣು ಹೆಚ್ಚುಕಡಿಮೆ ಹೋಗಿದ್ದವು. ಆದರೆ ಕಿವಿ! ಅದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಆಯುಷ್ಯ ತಂತಿ ಚುಚ್ಚಿ ಲೈನು ಕೊಟ್ಟವಳು. ಕಾರಿಡಾರಿನಲ್ಲಿ ಯಾರು ಕೆಮ್ಮಿದರೂ ಹೆಸರು ಹೇಳುತ್ತಿದ್ದಳು. ನನ್ನದು ಮಾತ್ರ ಅವಳಿಗೆ ಮಾತು ಅನ್ನಿಸುತ್ತಲೇ ಇರಲಿಲ್ಲ. "ನಿನ್ನ ಲೈನಿನಲ್ಲಿ ಗದ್ದಲ" ಎಂದು ಮುಖ ತಿರುಗಿಸುತ್ತಿದ್ದಳು. ಮುದುಕಿ ಕಡ್ಡಿ ಮುರಿದಂತೆ ಮಾತಾಡುವವಳು. ನನಗೋ ಅಳು ಬರುತ್ತಿತ್ತು.

ಒಂದು ದಿನ ಅವಳ ಉಗುರು ಕತ್ತರಿಸುತ್ತಿದ್ದಾಗ "ನಿನ್ನ ಹೆಸರು ಊರುಗಳಲ್ಲಿ ಹೇಳು" ಅಂದಳು. ತಿಳಿಯಲಿಲ್ಲ. ಇಲ್ಲಿ ಫೋನಿನಲ್ಲಿ ಹೆಸರು ಹೇಳುವಾಗ ಒಂದೊಂದು ಅಕ್ಷರಕ್ಕೆ ಒಂದೊಂದು ಊರು: ಎ ಅಂದರೆ ಅಂಕೋನಾ, ಬಿ ಅಂದರೆ ಬೊಲೊಞ್ಞಾ. ನನ್ನ ಹೆಸರು ಅವಳೇ ಶುರು ಮಾಡಿದಳು: "ಸಾವೋನಾ, ಹೋಟೆಲ್, ಇಮೋಲಾ, ವೆನೆತ್ಸಿಯಾ..." ಎರಡನೆಯದು ಯಾಕೆ ಹೋಟೆಲ್ ಎಂದೆ. ಎಚ್ ಅಕ್ಷರದಿಂದ ಶುರುವಾಗುವ ಊರು ಇಟಲಿಯಲ್ಲಿ ಇಲ್ಲವಂತೆ. "ನಮ್ಮಲ್ಲಿ ಐತ್ರಿ, ನಮ್ಮೂರೇ ಐತಿ, ಹಿರೋಳ್ಳಿ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಬ್ರೂನಾ ಕತ್ತು ಓರೆ ಮಾಡಿದಳು. "ಇನ್ನೊಮ್ಮೆ ಹೇಳು. ಈಗ ನಿನ್ನ ಲೈನು ಸ್ವಚ್ಛ ಇದೆ."

ಅಯ್ಯ ಶಿವನೇ, ಅಂದು ನನಗೆ ಬುದ್ಧಿ ಬಂತು. ಕನ್ನಡ ಆಡಿದಾಗ ಸ್ವಚ್ಛ, ಇಟಾಲಿಯನ್ ಆಡಿದಾಗ ಗದ್ದಲ. ತಪ್ಪು ನಡುವೆ ಕೂತ ಇಂಗ್ಲಿಷಿನದು! ಇವರ ತ ನಮ್ಮ ತ, ಇವರ ದ ನಮ್ಮ ದ. ಕಾಗದ ಅಲುಗದ ಪ ನಮ್ಮ ಅಪ್ಪ ಅನ್ನುವಾಗಿನ ಪ. ಪುಸ್ತಿಕೆ ಎರಡು ಪುಟ ಹೆದರಿಸಿದ್ದ ಒತ್ತಕ್ಷರಗಳು, ಇಂಗ್ಲಿಷರಿಗೆ ಬಾರದಂಥವು, ಅವಂತೂ ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅತ್ತಿ; ನನ್ನ ಬಳಗ ಪೂರಾ ಒತ್ತಕ್ಷರವೇ. ಎಲ್ಲಕ್ಕೂ ಮಿಗಿಲಾಗಿ ಞ. ಹಿರೋಳ್ಳಿಯ ಶಾಲೆಯಲ್ಲಿ ಚ ಛ ಜ ಝ ಞ ಎಂದು ಒದರುವಾಗ ಕೊನೆಯದು ಯಾತಕ್ಕಿದೆ ಎಂದು ಮಾಸ್ತರರಿಗೂ ಗೊತ್ತಿರಲಿಲ್ಲ. ಇಲ್ಲಿ ಅಮ್ಮಾವ್ರೇ ಅನ್ನಬೇಕಾದರೆ 'ಸಿಞ್ಞೋರಾ'. ದಿನಕ್ಕೆ ಐವತ್ತು ಸಲ ಬೇಕು ಆ ಞ.

ಪುಸ್ತಿಕೆ ಮಂಚದ ಕೆಳಗೆ ಹೋಯಿತು. ಮಧ್ಯಾಹ್ನದ ಹೊತ್ತು ಬ್ರೂನಾಳ ಪಕ್ಕ ಕೂತು ಊರುಗಳನ್ನು ಹೇಳಿದೆ. ನಾನು ತಪ್ಪಿದಲ್ಲಿ ಅವಳು ನನ್ನ ಮೊಣಕೈಗೆ ಬೆರಳಿನಿಂದ ಬಡಿಯುತ್ತಿದ್ದಳು. ನಾನೂ ನಮ್ಮ ಊರು ಹೇಳಿಕೊಟ್ಟೆ. ಗಾಣಗಾಪುರ ಚೆನ್ನಾಗಿ ಅಂದಳು, ಸರಸಂಬಾ ಇನ್ನೂ ಚೆನ್ನಾಗಿ. ಆಳಂದದ ಳ ಮಾತ್ರ ಹತ್ತಲಿಲ್ಲ, ಅದಕ್ಕೆ ಅವಳಿಗೇ ನಗು. ಕ್ರಿಸ್‌ಮಸ್ ಹೊತ್ತಿಗೆ ಊಟದ ಕೋಣೆಯಲ್ಲಿ ಎಲ್ಲರೆದುರು ನನ್ನ ಹೆಸರು ಹೇಳಿದಳು: "ಸಾವೋನಾ, ಹಿರೋಳ್ಳಿ, ಇಮೋಲಾ..." ಹೋಟೆಲನ್ನು ತೆಗೆದುಹಾಕಿ ನಮ್ಮೂರನ್ನು ಅವರ ಅಕ್ಷರಮಾಲೆಯಲ್ಲಿ ಕೂರಿಸಿದ್ದಳು. ಸಂತೋಷಕ್ಕೆ ನನಗೆ ಉಣ್ಣಲಾಗಲಿಲ್ಲ. ಎಲೇನಾ ಮೇಡಂ ಮತ್ತೆ ಕಾಗದ ಹಿಡಿದು ನೋಡಿದರು. ಅಲುಗಲಿಲ್ಲ.

ಇನ್ನು ಮುಂದಿನದು ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ. ಹೇಳದಿದ್ದರೆ ಮೇಲಿನದೆಲ್ಲ ಜಂಬವಾಗುತ್ತದೆ.

ನಿಮಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗ್ತೇನಿ' ಅನ್ನುವುದಿಲ್ಲ. ಅದರಲ್ಲೂ ರೋಗಿಯ ಎದುರು, ಹಿರಿಯರ ಎದುರು ಹೋಗುವ ಮಾತು ಅಪಶಕುನ. ಸಣ್ಣವಳಿದ್ದಾಗ ಒಮ್ಮೆ ಶಾಲೆಗೆ ಹೋಗ್ತೇನಿ ಅಂದದ್ದಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು ಕೊಟ್ಟು, "ಹೋಗ್ತೇನಿ ಅಂತಾರೇನ್ಬೇ? ಹೋಗಿ ಬರ್ತೇನಿ ಅನ್ನು" ಎಂದಿದ್ದಳು. ಆಸ್ಪತ್ರೆಯಲ್ಲೂ ಡ್ಯೂಟಿ ಮುಗಿದಾಗ ಹಾಸಿಗೆ ಹಾಸಿಗೆಗೆ "ಬರ್ತೇನ್ರಿ ಯಪ್ಪಾ, ಬರ್ತೇನ್ರಿ ಯವ್ವಾ" ಎಂದೇ ಹೊರಬೀಳುತ್ತಿದ್ದೆ. ಇಲ್ಲಿಯೂ ಮೊದಲ ದಿನದಿಂದ ಅದನ್ನೇ ಇವರ ಭಾಷೆಗೆ ಇಳಿಸಿಕೊಂಡಿದ್ದೆ: 'ವಾದೊ ಎ ತೋರ್ನೊ'. ಹೋಗುತ್ತೇನೆ, ಬರುತ್ತೇನೆ. ರೂಢಿಬಿದ್ದ ಆ ಮಾತನ್ನು ಮಾತ್ರ ಕ್ರಿಸ್‌ಮಸ್ ಆದಮೇಲೂ ಹಳೆಯ ಟ ಡ ಸೇರಿಸಿಯೇ ಅನ್ನುತ್ತಿದ್ದುದರಿಂದ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಜನವರಿಯ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯಿತು. ಮುಂದೆ ಎರಡು ದಿನ ರಜೆ. ಬ್ರೂನಾಳ ಹೊದಿಕೆ ಸರಿಮಾಡಿ, ಮೊದಲ ಸಲ ತ, ದ ಎರಡನ್ನೂ ಹಲ್ಲಿಗೆ ತಾಗಿಸಿ, ಸ್ಪಷ್ಟವಾಗಿ, ಹೆಮ್ಮೆಯಿಂದ, "ಸಿಞ್ಞೋರಾ, ವಾದೊ ಎ ತೋರ್ನೊ" ಅಂದೆ. "ಸರಿ" ಎಂದು ನಕ್ಕಳು. ಚಲೋ ಆಡಿದೆ ಎಂದು ನಗುತ್ತಾಳೆ ಅಂದುಕೊಂಡು ಬಂದೆ.

ಮಂಗಳವಾರ ಬೆಳಿಗ್ಗೆ ಹೋದಾಗ ಬ್ರೂನಾ ಹಾಸಿಗೆಗೆ ಅಂಟಿಕೊಂಡಿದ್ದಳು. ತುಟಿ ಒಣಗಿ ಬಿರಿದಿದ್ದವು. 'ಕಾಪೋಸಾಲಾ', ಅಂದರೆ ನಮ್ಮ ಹೆಡ್ ಸಿಸ್ಟರ್, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

"ಶನಿವಾರ ಇವರಿಗೆ ಈಗ ಬಂದೆ ಎಂದು ಹೇಳಿ ಹೋದೆಯಾ?"

"ಬರುತ್ತೇನೆ ಅಂದೆ."

"ವಾದೊ ಎ ತೋರ್ನೊ ಅಂದೆಯಾ?"

"ಹೌದು."

"ಹಾಗೆಂದರೆ ಐದು ನಿಮಿಷದಲ್ಲಿ ಬಂದೆ ಅಂತ. ಅವರು ಕೋಟು ಹಾಕಿಸಿಕೊಂಡು ಮುಂಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡರು. ಅವಳು ಬರುತ್ತಾಳೆ, ಅವಳೇ ಉಣಿಸುತ್ತಾಳೆ ಎಂದು ಯಾರ ಕೈಯಿಂದಲೂ ನೀರು ಮುಟ್ಟಲಿಲ್ಲ. ಭಾನುವಾರವೂ ಅಲ್ಲೇ, ನಿನ್ನೆಯೂ ಅಲ್ಲೇ. ಅವಳಿಗೆ ರಜೆ ಇದೆ ಎಂದು ಎಲ್ಲರೂ ಹೇಳಿದೆವು. ಇಲ್ಲ, ಲೈನು ಸ್ವಚ್ಛ ಇತ್ತು, ನಾನೇ ಕೇಳಿದ್ದೇನೆ ಎಂದು ನಮ್ಮೊಂದಿಗೇ ಜಗಳ. ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ನೀನು ಯಾಕೆ ಹೇಳಲಿಲ್ಲ?"

ನಮ್ಮಲ್ಲಿ ಬರ್ತೇನಿ ಅಂದವರನ್ನು ಎಷ್ಟು ಹೊತ್ತಿಗೆ ಎಂದು ಯಾರೂ ಕೇಳುವುದಿಲ್ಲ. ಸೋಲಾಪುರಕ್ಕೆ ಮದುವೆಯಾಗಿ ಹೋಗುವವಳೂ ಬರ್ತೇನಿ ಅನ್ನುತ್ತಾಳೆ, ಬಾವಿಗೆ ಹೋಗುವವಳೂ ಬರ್ತೇನಿ ಅನ್ನುತ್ತಾಳೆ. ಇದನ್ನೆಲ್ಲ ಇಟಾಲಿಯನ್ನಿನಲ್ಲಿ ಹೇಳಲು ನನಗೆ ಬರಲಿಲ್ಲ. ಒಳಗೆ ಸಹೋದ್ಯೋಗಿ ನರ್ಸೊಬ್ಬಳು ಬ್ರೂನಾಳಿಗೆ ಸಲೈನ್ ಹಾಕುತ್ತಿದ್ದಳು. ನೀರಿಲ್ಲದೆ ನರ ಒಳಸರಿದಿದ್ದವು. ಒಮ್ಮೆ ಚುಚ್ಚಿದಳು, ಸಿಗಲಿಲ್ಲ. ಎರಡನೇ ಸಲ ಚುಚ್ಚಿದಳು, ಸಿಗಲಿಲ್ಲ. ಮುದುಕಿ ನರಳಿದಳು. ಮಣಿಕಟ್ಟಿನ ಬದಿಯ ನರ ನನ್ನ ಕಣ್ಣಿಗೆ ಕಾಣುತ್ತಿತ್ತು, ಕೈ ತುರಿಸುತ್ತಿತ್ತು. ಟ್ರೇ ಹಿಡಿದುಕೊಂಡು ನಿಲ್ಲುವುದಷ್ಟೇ ನನ್ನ ಕೆಲಸ. ನಾನೇ ಒಣಗಿಸಿದ ಮೈಗೆ ನೀರು ಏರಿಸುವ ಹಕ್ಕೂ ನನಗಿರಲಿಲ್ಲ. ಅವತ್ತಿನಷ್ಟು ಸಂಕಟ ನಾನು ಎಂದೂ ಪಟ್ಟಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವ್ವ ಗಾಣಗಾಪುರದ ಲಾಡ್ಜುಗಳಿಗೆ ಖಡಕ್ ರೊಟ್ಟಿ ಮಾಡಿ ಕಳಿಸುತ್ತಾಳೆ, ಕೈಕೆಳಗೆ ನಾಲ್ಕು ಹೆಂಗಸರು. ಅವರ ನಡುವೆಯೇ ನಿಂತು ಕೇಳಿಸಿಕೊಂಡಳು. ನನ್ನ ಪರ ಮಾತಾಡುತ್ತಾಳೆ ಅಂದುಕೊಂಡಿದ್ದೆ.

"ಕಣ್ಣಿಲ್ಲದಾಕಿನ ಬಾಗಲಾಗ ಕುಂಡ್ರಿಸಿ ಬಂದ್ಯಲ್ಲಬೇ!" ಅಂದಳು.

"ನೀನ ಕಲಿಸಿದ್ದು ಅದು. ಹೋಗ್ತೇನಿ ಅನಬ್ಯಾಡ ಅಂತ."

"ನಾ ಕಲಿಸಿದ್ದು ನಮ್ಮ ಮಂದಿಗಿ. ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತಾರ. ಅಕಿ ನಿನ್ನ ಮಾತು ಖರೆ ಅಂತ ತಿಳಕೊಂಡ್ಳು, ಅದು ಅಕಿ ತಪ್ಪೇನು?"

ಅದು ಅವಳ ತಪ್ಪಲ್ಲ. ನನ್ನದೂ ಹೇಗೆ ತಪ್ಪು ಎಂದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಗದ್ದಲದ ಲೈನಿನಲ್ಲಿ ಮೂರು ತಿಂಗಳು ಅದೇ ಮಾತು ಹೇಳಿದಾಗ ಯಾರಿಗೂ ಏನೂ ಆಗಲಿಲ್ಲ. ಉಚ್ಚಾರ ಸರಿಯಾದ ಮೇಲೆ ಮುದುಕಿ ಸಾಯುವುದೊಂದು ಬಾಕಿ. ಹಾಗಾದರೆ ನಾನು ಕಲಿತದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ?

ಬ್ರೂನಾ ಚೇತರಿಸಿಕೊಂಡಳು, ಆದರೆ ಮೂರು ವಾರ ನನ್ನೊಡನೆ ಮಾತು ಬಿಟ್ಟಳು. ಒಂದು ಸಲ ಯಾರೋ ನನ್ನ ಹೆಸರು ಕೇಳಿದಾಗ "ಸಾವೋನಾ, ಹೋಟೆಲ್" ಎಂದು ಶುರು ಮಾಡಿದಳು. ನನ್ನ ಊರನ್ನು ಕಿತ್ತುಹಾಕಿದ್ದಳು. ಪಾಯಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ಕಾಪೋಸಾಲಾ ಹೇಳಿಕೊಟ್ಟಂತೆ ಆಡಲು ಕಲಿತೆ: "ವಾದೊ. ಹೋಗುತ್ತೇನೆ. ನಾಳೆ ಏಳಕ್ಕೆ ಬರುತ್ತೇನೆ." ಹಾಸಿಗೆಯಲ್ಲಿ ಮಲಗಿದ ಮುದುಕಿಯ ಎದುರು ಬರೀ 'ವಾದೊ' ಅನ್ನಲು ಮೊದಲ ದಿನ ನಾಲಿಗೆ ಏಳಲಿಲ್ಲ. ಮನಸ್ಸಿನಲ್ಲಿ ಬಸವಾ ಬಸವಾ ಅನ್ನುತ್ತ ಅಂದುಬಿಟ್ಟೆ. ಅವಳಿಗೆ ಏನೂ ಆಗಲಿಲ್ಲ. ಮಾರನೇ ದಿನ ಏಳಕ್ಕೆ ಹೋದೆ. ಅವಳು ಗಡಿಯಾರದ ಗಂಟೆ ಎಣಿಸುತ್ತಿದ್ದಳು. ಹತ್ತು ದಿನ ಹೀಗೆ ಎಣಿಸಿದ ಮೇಲೆ ಒಂದು ಬೆಳಿಗ್ಗೆ ಮೊಣಕೈಗೆ ಬೆರಳು ಬಡಿದು, "ಮಿಲಾನಿನವರು ಏನೇನು ಕೇಳುತ್ತಾರೆ?" ಅಂದಳು. ಮತ್ತೆ ಪಾಠ ಶುರುವಾಯಿತು.

ಪರೀಕ್ಷೆಯಲ್ಲಿ ಮೂವರು ಎದುರಿಗಿದ್ದರು. ಔಷಧದ ಹೆಸರು ಓದಿಸಿದರು, ರೋಗಿಯ ಹಕೀಕತ್ತು ಹೇಳಿಸಿದರು. ಒಬ್ಬರು ಕನ್ನಡಕ ತೆಗೆದು "ಇಂಗ್ಲಿಷ್ ಮಾತಾಡುವ ನಾಡಿನಿಂದ ಬಂದವರಿಗೆ ಈ ವ್ಯಂಜನಗಳು ಬರುವುದಿಲ್ಲವಲ್ಲ?" ಎಂದು ಕೇಳಿದರು. ನಾನು ಆ ನಾಡಿನವಳಲ್ಲ, ಆಳಂದ ತಾಲೂಕಿನವಳು ಎಂದೆ. ತಲೆ ಆಡಿಸಿದರು, ಏನು ತಿಳಿಯಿತೋ. ಪಾಸು ಮಾಡಿದರು. ಆ ವಾರವೇ ಬ್ರೂನಾಳ ರಕ್ತ ತೆಗೆಯುವುದಿತ್ತು, ಮಣಿಕಟ್ಟಿನ ಬದಿಯಲ್ಲಿ ಒಂದೇ ಸಲಕ್ಕೆ ಸಿಕ್ಕಿತು. "ಚುಚ್ಚಿದೆಯಾ?" ಎಂದು ಕೇಳಿದಳು. ಆಗಲೇ ಮುಗಿದಿತ್ತು.

ಪಾಸಾದೆ ಎಂದು ಊರಿಗೆ ಫೋನು ಮಾಡಿದಾಗ ಎಲ್ಲರೂ ಕೂಗಾಡಿದರು. ಅವ್ವ ಮಾತ್ರ "ನಪಾಸಾಗಿದ್ರ ಬಂದ್ಬಿಡ್ತಿದ್ದಿ" ಅಂದಳು. ಆಮೇಲೆ ತಾನೇ "ಹುಚ್ಚಿ, ಏನೋ ಅಂದೆ, ಛಲೋ ಆತು ಬಿಡು" ಎಂದು ನಕ್ಕಳು.

ಮೇ ತಿಂಗಳಲ್ಲಿ ಹದಿನೈದು ದಿನ ಹಿರೋಳ್ಳಿಗೆ ಬಂದಿದ್ದೆ. ಬಿಸಿಲು ಕಂಡು ಮೈ ಹಿಗ್ಗಿತು. ಆದರೆ ನನಗೇ ತಿಳಿಯದಂತೆ ಏನೋ ಆಗಿತ್ತು. ಎದುರುಮನೆಯ ಕಾಕಾ ಎದ್ದುನಿಂತು "ಬರ್ತೇನವ್ವ" ಅಂದರೆ "ಎಷ್ಟಕ್ಕ ಬರ್ತೀರಿ ಕಾಕಾ?" ಎಂದು ಬಾಯಿಂದ ಬಂದುಬಿಟ್ಟಿತು. ಕಾಕಾ ಕಣ್ಣುಕಣ್ಣು ಬಿಟ್ಟರು. ರೊಟ್ಟಿ ಬಡಿಯುವ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಟಲಿ ಸಿಸ್ಟರ್ ಹಾಜರಿ ತೊಗೊಳಾಕತ್ತಾಳ್ರಿ!" ಅಂದಳು ಒಬ್ಬಳು. ಅವ್ವನೂ ನಕ್ಕಳು.

ಹೊರಡುವ ಬೆಳಿಗ್ಗೆ ಅಣ್ಣ ಜೀಪು ಚಾಲೂ ಮಾಡಿ ನಿಂತಿದ್ದ. ಅವ್ವ ಒಲೆ ಮುಂದಿನಿಂದ ಎದ್ದು, ಹಿಟ್ಟಿನ ಕೈ ಸೀರೆಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನಾನು ಕಾಲು ಮುಟ್ಟಿದೆ. ವಾದೊ ಅನ್ನುವುದು ಬಾಯಿಗೆ ಬಂದಿತ್ತು, ನುಂಗಿದೆ. ಹುಟ್ಟಿದಾಗಿನಿಂದ ಆಡಿದ ಮಾತನ್ನೇ ಆಡಿದೆ.

"ಬರ್ತೇನಿ ಯವ್ವಾ."

"ಯಾವಾಗ?" ಅಂದಳು ಅವ್ವ.

ತನ್ನ ಜನ್ಮದಲ್ಲಿ ಯಾರನ್ನೂ ಅವಳು ಹಾಗೆ ಕೇಳಿದವಳಲ್ಲ. ಚೇಷ್ಟೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಚೇಷ್ಟೆಯಾಗಿರಲಿಲ್ಲ. ಮುಂದಿನ ರಜೆ ಯಾವಾಗ, ಕೊಡುತ್ತಾರೋ ಇಲ್ಲವೋ, ಮೊದಲ ವರ್ಷ ಹೊಸ ನರ್ಸುಗಳಿಗೆ ಏನು ನಿಯಮ, ಒಂದೂ ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲವ್ವ."

"ಹಂಗಾದ್ರ ಬರ್ತೇನಿ ಅನಬ್ಯಾಡ" ಅಂದಳು. "ನಾನೂ ಬಾಗಲಾಗ ಕಾಯ್ಕೊಂತ ಕುಂತೇನು."